ಹೆರಿಗೆ ಕೋಣೆಯ ಕೈಗಳು

ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆ. ನಡುರಾತ್ರಿ ದಾಟಿದೆ. ಹುಟ್ಟಿದ ಮಗು ಜೋರಾಗಿ ಅತ್ತು, ವಾರ್ಮರ್‌ನಲ್ಲಿ ಕೈಕಾಲು ಆಡಿಸುತ್ತಿದೆ. ಮಾಸೂ ಬಿದ್ದಾಗಿದೆ. ಆದರೂ ಹೆರಿಗೆ ಮಾಡಿಸಿದ ಸಿಸ್ಟರ್ ಬಾಣಂತಿಯ ಹೊಟ್ಟೆಯ ಮೇಲಿಂದ ಕೈ ತೆಗೆದಿಲ್ಲ. ಹೊಕ್ಕುಳ ಬಳಿ ಗರ್ಭಕೋಶ ಸುಲಿದ ತೆಂಗಿನಕಾಯಿಯಂತೆ ಗಟ್ಟಿಯಾಗಿ ಕೈಗೆ ಸಿಗಬೇಕಿತ್ತು. ಮೆತ್ತಗಿದೆ. ಕೆಳಗೆ ಹಾಸಿದ ಅಳತೆಯ ಚೀಲದಲ್ಲಿ ರಕ್ತ 500 ಮಿ.ಲೀ. ಗೆರೆ ಮುಟ್ಟುತ್ತಿದೆ.

“ಪಿಪಿಎಚ್! ಎಲ್ಲರೂ ಬನ್ನಿ!” ಪಿಪಿಎಚ್ ಎಂದರೆ ಹೆರಿಗೆಯ ನಂತರದ ಅತಿ ರಕ್ತಸ್ರಾವ.

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿಟ್ಟ ಜಾಗದ ರಕ್ತನಾಳಗಳನ್ನು ಸ್ನಾಯುಗಳೇ ಬಿಗಿದು ಮುಚ್ಚಬೇಕು. ಸ್ನಾಯು ಸಡಿಲವಾದರೆ ಜೀವವೇ ಸೋರಿಹೋಗುತ್ತದೆ. ಇದು ಇಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಯಾರೂ ಏನಾಯಿತೆಂದು ಕೇಳುವುದಿಲ್ಲ.

ಒಬ್ಬರು ಹೊಟ್ಟೆ ನೀವುತ್ತಲೇ ಇದ್ದಾರೆ. ಇನ್ನೊಬ್ಬರು ಎರಡೂ ತೋಳಿಗೆ ದಪ್ಪ ಕ್ಯಾನುಲಾ ಹಾಕಿ, ಕ್ರಾಸ್ ಮ್ಯಾಚ್‌ಗೆ ರಕ್ತ ತೆಗೆದು ಕಳಿಸುತ್ತಾರೆ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಸರಿಯಾಗಿ ಕುಗ್ಗದು. ಅದನ್ನೂ ಕ್ಯಾಥೆಟರ್ ಹಾಕಿ ಖಾಲಿ ಮಾಡುತ್ತಾರೆ. ಹಿರಿಯ ಸಿಸ್ಟರ್ ಔಷಧದ ಹೆಸರು, ಪ್ರಮಾಣ ಕೂಗಿ ಹೇಳುತ್ತಾರೆ. ಕೊಡುವವರು ಅದನ್ನೇ ತಿರುಗಿ ಹೇಳಿ ಕೊಡುತ್ತಾರೆ. “ಆಕ್ಸಿಟೋಸಿನ್ 20 ಯೂನಿಟ್, ಡ್ರಿಪ್‌ಗೆ.” “ಟ್ರಾನೆಕ್ಸಾಮಿಕ್ 1 ಗ್ರಾಂ, ನಿಧಾನವಾಗಿ, ಹತ್ತು ನಿಮಿಷ.” ಓಡಿ ಬಂದ ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ಕಾಲು ಭಾಗ ಯುದ್ಧ ನಡೆದುಹೋಗಿದೆ.

ರಕ್ತವನ್ನು ಹೀಗೆ ಚೀಲದಲ್ಲಿ ಹಿಡಿದು ಅಳೆಯುವುದಕ್ಕೆ ನಮ್ಮ ಬೆಳಗಾವಿಯ ನಂಟಿದೆ. ಅಲ್ಲಿನ ಹಳ್ಳಿಗಳ 1,620 ತಾಯಂದಿರ ರಕ್ತಸ್ರಾವವನ್ನು ಇಂಥ ಚೀಲದಲ್ಲೇ ಅಳೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಹೆರಿಗೆ ಮಾಡಿಸುವ ಎಎನ್‌ಎಂಗಳೇ ಗರ್ಭಕೋಶ ಬಿಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಾಗ ಅತಿ ರಕ್ತಸ್ರಾವ ಶೇ 6.4ರಷ್ಟು ತಾಯಂದಿರಲ್ಲಿ ಮಾತ್ರ ಕಂಡಿತು. ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಅದು ಶೇ 12ರಷ್ಟಿತ್ತು. ದಾದಿಯರ ಕೈಯಲ್ಲಿ ಎಷ್ಟು ಜೀವ ಉಳಿಸುವ ಶಕ್ತಿಯಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹೆರಿಗೆ ಕೋಣೆಯ ಈ ಗಡಿಬಿಡಿಯಲ್ಲೂ ಒಬ್ಬ ಸಿಸ್ಟರ್ ಬಾಣಂತಿಯ ತಲೆಯ ಬಳಿಯಿಂದ ಕದಲಿಲ್ಲ. ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತುತ್ತಾ, ನಡುಗುವ ಮೈಗೆ ಕಂಬಳಿ ಎಳೆಯುತ್ತಾ ಮಾತಾಡಿಸುತ್ತಿದ್ದಾರೆ. “ಕಣ್ಣು ಮುಚ್ಚಬೇಡಮ್ಮ, ನನ್ನ ನೋಡು. ಹೊಟ್ಟೆ ಅದುಮಿದ್ರೆ ನೋವಾಗುತ್ತೆ, ಗೊತ್ತು. ರಕ್ತ ನಿಲ್ಲೋಕೆ ಬೇಕು ಕಣಮ್ಮ.” ಇದು ಬರೀ ಸಮಾಧಾನವಲ್ಲ. ಉತ್ತರ ತಡವರಿಸಿದರೆ, ಮಂಪರು ಕವಿದರೆ, ಅದು ಮೊದಲು ತಿಳಿಯುವುದು ಅವರಿಗೇ.

ಹೊರಗೆ ಬಾಣಂತಿಯ ತಾಯಿ ಗೋಡೆಗೊರಗಿ ನಿಂತಿದ್ದಾರೆ. ಮತ್ತೊಬ್ಬ ಸಿಸ್ಟರ್ ಬಂದು ಅವರ ಕೈ ಹಿಡಿಯುತ್ತಾರೆ: “ರಕ್ತ ಜಾಸ್ತಿ ಹೋಗ್ತಿದೆ ಅಮ್ಮ, ಎಲ್ಲರೂ ಅವಳ ಹತ್ರಾನೇ ಇದೀವಿ.” ಸುಳ್ಳು ಭರವಸೆ ಕೊಡುವುದಿಲ್ಲ, ಕತ್ತಲಲ್ಲಿ ಬಿಡುವುದೂ ಇಲ್ಲ.

ಕೊನೆಗೂ ಅಂಗೈಯಡಿ ಗರ್ಭಕೋಶ ಬಿಗಿಯುತ್ತದೆ. ಸ್ರಾವ ಇಳಿಯುತ್ತದೆ. ನಾಡಿ, ಬಿಪಿ ಹಿಡಿತಕ್ಕೆ ಬಂದ ಮೇಲೆ ಮಗುವನ್ನು ಎದೆಗೆ ಹಚ್ಚುತ್ತಾರೆ. ಮಗು ಚೀಪಿದಾಗ ತಾಯಿಯ ದೇಹವೇ ಆಕ್ಸಿಟೋಸಿನ್ ಸುರಿಸಿ ಗರ್ಭಕೋಶವನ್ನು ಬಿಗಿಯುತ್ತದೆ. ಈ ಕೋಣೆಯಲ್ಲಿ ಕರುಣೆ ಬೇರೆ, ಚಿಕಿತ್ಸೆ ಬೇರೆ ಅಲ್ಲ.

ಇನ್ನು ಎರಡು ಗಂಟೆಗಳ ಕಾಲ, ಹದಿನೈದು ನಿಮಿಷಕ್ಕೊಮ್ಮೆ ತಪಾಸಣೆ. ಸಿಸ್ಟರ್ ಬಾಣಂತಿಯ ಕೈಯನ್ನೇ ಅವಳ ಹೊಟ್ಟೆಯ ಮೇಲಿಟ್ಟು ಹೇಳಿಕೊಡುತ್ತಾರೆ: “ಇಲ್ಲಿ ಮುಟ್ಟಿ ನೋಡು, ಗಟ್ಟಿ ಇರಬೇಕು. ಮೆತ್ತಗಾದ್ರೆ ತಕ್ಷಣ ಕೂಗು, ಬರ್ತೀವಿ.”