ಗೇರುಸೊಪ್ಪೆಗೆ ಸುರಂಗವಿಲ್ಲ, ಹೊಳೆಯಿತ್ತು

ಊರಿಗೆ ಬಂದ ನೆಂಟರಿಗೆ ಮಿರ್ಜಾನ್ ಕೋಟೆ ತೋರಿಸುವಾಗ ಕುಮಟಾ, ಹೊನ್ನಾವರ ಕಡೆಯ ನಮ್ಮವರು ಹೇಳದೆ ಬಿಡದ ಮಾತೊಂದಿದೆ: “ಇಲ್ಲಿಂದ ಗೇರುಸೊಪ್ಪೆಗೆ ಸುರಂಗ ಇದೆ. ರಾಣಿ ಚೆನ್ನಭೈರಾದೇವಿ ಕುದುರೆ ಹತ್ತಿ ಅದರೊಳಗೇ ಓಡಾಡುತ್ತಿದ್ದಳು.” ಹೇಳುವವರ ಮುಖದಲ್ಲಿ ಎಳ್ಳಷ್ಟೂ ಅನುಮಾನವಿರುವುದಿಲ್ಲ. ಕೇಳಿದ ನೆಂಟರು ಆಮೇಲೆ ಕೋಟೆಯನ್ನು ನೋಡುವುದೇ ಇಲ್ಲ. ಎಲ್ಲಿ ಕತ್ತಲೆ ಕಂಡರೂ ಮೊಬೈಲ್ ಟಾರ್ಚ್ ಹಾಕಿ ಇಣುಕುತ್ತಾರೆ. ಈ ಕಥೆ ಕೇಳಿ ಕೇಳಿ ನನಗೆ ರೋಸಿಹೋಗಿದೆ.

ದಾವಣಗೆರೆಯಿಂದ ಬಂದಿದ್ದ ನಾದಿನಿ “ಭಾವ, ಇದೇನಾ ಗೇರುಸೊಪ್ಪೆ ದಾರಿ?” ಎಂದು ಕೇಳಿದಾಗ ಅವಳನ್ನು ಕರೆದುಕೊಂಡು ಆ ‘ಸುರಂಗ’ಕ್ಕೇ ಇಳಿದೆ. ಚಿರೇಕಲ್ಲಿನ ಮೆಟ್ಟಿಲು, ಎರಡೂ ಕಡೆ ಪಾಚಿ ಹಿಡಿದ ಗೋಡೆ, ಕೈಯಿಟ್ಟರೆ ತಣ್ಣನೆಯ ಪಸೆ. ಇಳಿಯುತ್ತ ಹೋದಂತೆ ಎದುರಿಗೆ ಬೆಳಕು ಕಂಡಿತು. ಬಾವಿಯ ಬಾಯಿಯಿಂದ ಬೀಳುವ ಬೆಳಕು ಅದು. ದಾರಿ ಅಲ್ಲಿಗೆ ಮುಗಿಯುತ್ತದೆ. ಶತ್ರುಗಳು ಮುತ್ತಿಗೆ ಹಾಕಿ ಕುಳಿತರೆ ಕೋಟೆಯವರಿಗೆ ಮೊದಲು ಬೇಕಾಗುವುದು ನೀರು. ಮಳೆಗಾಲದಲ್ಲಿ ಮೇಲಿದ್ದ ನೀರು ಬೇಸಿಗೆಗೆ ಆಳಕ್ಕಿಳಿಯುತ್ತದೆ. ಆಗಲೂ ಕೊಡ ಹಿಡಿದು ನೀರಿನ ಮಟ್ಟದವರೆಗೆ ನಡೆದೇ ಹೋಗಲು ಕಟ್ಟಿದ ದಾರಿ ಇದು. ಇಷ್ಟು ಜಾಣತನದ ಕೆಲಸ ಕಣ್ಣೆದುರಿಗಿದ್ದರೂ ನಾವು ಇಲ್ಲದ ಸುರಂಗವನ್ನು ಹೊಗಳುತ್ತೇವೆ.

ಇನ್ನು ಸುರಂಗದ ಲೆಕ್ಕವನ್ನೇ ನೋಡಿ. ಮಿರ್ಜಾನಿನಿಂದ ಗೇರುಸೊಪ್ಪೆಗೆ ನೇರ ಗೆರೆ ಎಳೆದರೂ 30 ಕಿ.ಮೀ. ಮೀರುತ್ತದೆ. ನಡುವೆ ಅಘನಾಶಿನಿಯ ಅಡಿಯಲ್ಲಿ ಹಾಯಬೇಕು. ನಮ್ಮ ಕಡೆ ಬಾವಿ ತೋಡುವ ಯಾರನ್ನೇ ಕೇಳಿ, ಚಿರೇಕಲ್ಲಿನ ಪದರ ದಾಟಿದರೆ ಶೇಡಿ ಮಣ್ಣು ಎನ್ನುತ್ತಾರೆ. ನೀರು ತಾಗಿದರೆ ಗಂಜಿಯಂತೆ ಹರಿಯುವ ಮಣ್ಣು ಅದು. ಆಷಾಢದಲ್ಲಿ ಹಿತ್ತಲ ಬಾವಿಯ ನೀರನ್ನು ಬಗ್ಗಿ ಕೈಯಲ್ಲೇ ಮೊಗೆಯುವ ಊರಿನಲ್ಲಿ ನೆಲದಡಿಯ ದಾರಿ ಒಂದು ಮಳೆಗಾಲವನ್ನಾದರೂ ತಡೆದೀತೇ? ಕೊಂಕಣ ರೈಲ್ವೆಯ ಎಂಜಿನಿಯರುಗಳಿಗೆ ಗೋವಾದ ಪೆರ್ನೆಮ್‌ನಲ್ಲಿ ಇಂಥದೇ ಮೆತ್ತನೆ ಮಣ್ಣಿನೊಳಗೆ ಒಂದೂವರೆ ಕಿ.ಮೀ. ಕೊರೆಯಲು ವರ್ಷಗಳೇ ಹಿಡಿದವು. ಯಂತ್ರ, ಸಿಮೆಂಟು, ಕಬ್ಬಿಣ ಎಲ್ಲ ಇದ್ದೂ 2024ರ ಜುಲೈನಲ್ಲಿ ಆ ಸುರಂಗದೊಳಗೆ ನೀರು ನುಗ್ಗಿ ರೈಲುಗಳು ನಿಂತವು. ಹದಿನಾರನೇ ಶತಮಾನದಲ್ಲಿ ಹಾರೆ, ಗುದ್ದಲಿ ಹಿಡಿದು ಅದರ ಇಪ್ಪತ್ತು ಪಟ್ಟು ಉದ್ದ ಕೊರೆದರು ಎಂದು ನಂಬಲು ನನ್ನಿಂದಾಗದು.

ಕೊರೆಯುವ ಅಗತ್ಯವಾದರೂ ಏನಿತ್ತು? ಘಟ್ಟದ ಮೆಣಸು ಬಂದರಿಗೆ ಇಳಿಯುತ್ತಿದ್ದದ್ದು ಹೊಳೆಯ ಮೇಲೆ. ಶರಾವತಿಯ ಬಾಯಲ್ಲಿ ಹೊನ್ನಾವರ, ಅಘನಾಶಿನಿಯ ದಂಡೆಗೆ ಮಿರ್ಜಾನ್. ಎರಡರ ನಡುವೆ ಕಡಲ ದಾರಿ. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿಯ ಐಶ್ವರ್ಯವೆಲ್ಲ ದೋಣಿಯಲ್ಲಿ ತೇಲಿ ಬಂದದ್ದು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ಗೇರುಸೊಪ್ಪೆಗೆ ಹೋದದ್ದೂ ದೋಣಿಯಲ್ಲೇ. ಶರಾವತಿಯ ಚೆಲುವಿಗೆ ಮನಸೋತು ಬರೆದಿದ್ದಾನೆ. ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದು ಆಗ ಎರಡು ದಶಕವೂ ಆಗಿರಲಿಲ್ಲ. ಅಷ್ಟರಲ್ಲೇ ಅರಮನೆ ಹಾಳುಬಿದ್ದು ಗಿಡಮರ ಬೆಳೆದಿತ್ತು. ದೆಲ್ಲಾ ವಾಲೆಯ ಬರಹ ಇಂದಿಗೂ ಓದಲು ಸಿಗುತ್ತದೆ. ನೆಂಟರಿಗೆ ಅದನ್ನು ಹೇಳುವವರು ಎಷ್ಟು ಮಂದಿ?

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. 1542ರಲ್ಲಿ ಪೋರ್ಚುಗೀಸರ ಮಾರ್ಟಿಮ್ ಅಫೋನ್ಸೊ ದ ಸೋಜ ಭಟ್ಕಳವನ್ನು ಸುಟ್ಟಾಗ ಎದುರಿಗಿದ್ದವಳು ಚೆನ್ನಭೈರಾದೇವಿಯಲ್ಲ. ಅವಳ ಆಳ್ವಿಕೆ ಶುರುವಾದದ್ದು ಆ ಮೇಲೆ. ‘ಶಬ್ದಾನುಶಾಸನ’ ಬರೆದ ಭಟ್ಟಾಕಳಂಕನಿಂದ ಭಟ್ಕಳಕ್ಕೆ ಹೆಸರು ಬಂತು ಎನ್ನುವವರು ಆ ಗ್ರಂಥದ ಕಾಲ 1604 ಎಂಬುದನ್ನೂ, ಅದಕ್ಕೆ ನೂರು ವರ್ಷ ಮೊದಲೇ ಪೋರ್ಚುಗೀಸರು ‘ಬಟಿಕಲಾ’ ಎಂದು ಬರೆದದ್ದನ್ನೂ ನೋಡಲಿ. ಯಾಣದ ಕರಿಬಂಡೆ ಜ್ವಾಲಾಮುಖಿಯದಲ್ಲ, ಸುಣ್ಣಕಲ್ಲು.

ಸುರಂಗದ ಕಥೆಯಿಂದ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಸುರಂಗದ ಬೆನ್ನಿಗೇ ನಿಧಿಯ ಕಥೆ ಬರುತ್ತದೆ. 2000-01ರಲ್ಲಿ ಪುರಾತತ್ತ್ವ ಇಲಾಖೆಯವರು ಮಿರ್ಜಾನಿನಲ್ಲಿ ಅಗೆದಾಗ ಚೀನಾದ ಪಿಂಗಾಣಿ ಚೂರು, ಫಿರಂಗಿ ಗುಂಡುಗಳ ಜೊತೆ 1652ರ ಒಂದು ಚಿನ್ನದ ನಾಣ್ಯ ಸಿಕ್ಕಿತು. ಪೋರ್ಚುಗೀಸರ ನಾಣ್ಯ, ರಾಣಿಯ ಕಾಲ ಮುಗಿದು ದಶಕಗಳಾದ ಮೇಲಿನದು. ಜನರ ಬಾಯಲ್ಲಿ ಅದು ರಾಣಿಯ ಕೊಪ್ಪರಿಗೆಯಾಗುತ್ತದೆ. ಅಮಾವಾಸ್ಯೆಯ ರಾತ್ರಿ ಹಾರೆ ಹಿಡಿದು ಹೊರಡುವವರು ಹುಟ್ಟುವುದು ಇಂಥ ಮಾತಿನಿಂದಲೇ. ಹಾಳು ಬಸದಿಗಳ ಪೀಠ ಕಿತ್ತು, ವೀರಗಲ್ಲಿನ ಬುಡ ಅಗೆದು ಹೋದದ್ದನ್ನು ನಮ್ಮ ಜಿಲ್ಲೆಯವರು ಕಂಡಿಲ್ಲವೇ? ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಹತ್ತು ಜನರಿಗೆ ಕಳಿಸುವ ಮೊದಲು ಒಂದು ಇಸವಿ, ಒಂದು ನಕ್ಷೆ ನೋಡುವ ವ್ಯವಧಾನ ಓದಿದವರಿಗೂ ಇಲ್ಲ. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳಿಗೆ ಮೇಷ್ಟ್ರೇ ಸುರಂಗ ತೋರಿಸಿದರೆ ಮಕ್ಕಳು ಯಾರನ್ನು ಕೇಳಬೇಕು?

ಕೋಟೆಯ ಉಸ್ತುವಾರಿ ಹೊತ್ತವರಲ್ಲಿ ನನ್ನದು ಒಂದೇ ಬೇಡಿಕೆ: ಆ ಮೆಟ್ಟಿಲ ಬಾಯಲ್ಲಿ ‘ಇದು ಬಾವಿಗೆ ಇಳಿಯುವ ದಾರಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ, ಪಕ್ಕದಲ್ಲೇ ಅಘನಾಶಿನಿ, ಶರಾವತಿಗಳ ದೋಣಿದಾರಿಯ ನಕ್ಷೆ ಹಾಕಿಸಲಿ.