ಮನಸ್ಸಿನ ಸಂಕಟಕ್ಕೆ ಮೊದಲ ಆಸರೆ: ಬಳ್ಳಾರಿ ಮಾದರಿಯ ಪಾಠ

ಮಾನಸಿಕ ಆರೋಗ್ಯದ ಪ್ರಥಮ ನೆರವು ಎಂದರೆ, ಮನಸ್ಸಿನ ತೀವ್ರ ಸಂಕಟದಲ್ಲಿರುವ ವ್ಯಕ್ತಿಗೆ ತಜ್ಞರ ಚಿಕಿತ್ಸೆ ದೊರೆಯುವವರೆಗೆ ಅಥವಾ ಆ ಸಂಕಟ ಇಳಿಯುವವರೆಗೆ ಸಮೀಪದಲ್ಲಿರುವವರು ನೀಡುವ ಆಸರೆ. ಈ ಹೆಸರಿನ ತರಬೇತಿಯನ್ನು 2000ದಲ್ಲಿ ಆಸ್ಟ್ರೇಲಿಯಾದಲ್ಲಿ ಬೆಟ್ಟಿ ಕಿಚನರ್ ಮತ್ತು ಆಂಥನಿ ಜಾರ್ಮ್ ರೂಪಿಸಿದರು. ಆದರೆ ಮನೋವೈದ್ಯರಲ್ಲದವರೂ ಮನೋರೋಗದ ಲಕ್ಷಣಗಳನ್ನು ಗುರುತಿಸಿ, ರೋಗಿಯನ್ನು ಚಿಕಿತ್ಸೆಯತ್ತ ಕರೆತರಬಲ್ಲರು ಎಂಬುದಕ್ಕೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ಸೀಮೆ ಅದಕ್ಕೂ ಹದಿನೈದು ವರ್ಷ ಮೊದಲೇ ಸಾಕ್ಷಿಯಾಗತೊಡಗಿತ್ತು.

ಇಂದು ವಿಜಯನಗರ ಜಿಲ್ಲೆಯಲ್ಲಿರುವ ಈ ಐದೂ ಪ್ರದೇಶಗಳು ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1975ರಿಂದ ಸಕಲವಾರದ ಕೇಂದ್ರದ ಮೂಲಕ ಹಳ್ಳಿಗಳಲ್ಲಿ ನಡೆಸಿದ್ದ ಪ್ರಯೋಗಗಳ ಅನುಭವದ ಮೇಲೆ, 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದ ನಂತರ, ಇಡೀ ಜಿಲ್ಲೆಯೊಂದರಲ್ಲಿ ಈ ಸೇವೆ ಸಾಧ್ಯವೇ ಎಂದು ಪರೀಕ್ಷಿಸಲು 1985ರಲ್ಲಿ ಬಳ್ಳಾರಿಯನ್ನು ಆರಿಸಲಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಚಿಕಿತ್ಸೆಯ ತರಬೇತಿಯನ್ನೂ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಚಿತ್ತವಿಕಲತೆ, ಖಿನ್ನತೆ, ಮೂರ್ಛೆರೋಗ ಮತ್ತು ಬುದ್ಧಿಮಾಂದ್ಯತೆಗಳನ್ನು ಗುರುತಿಸುವ ತರಬೇತಿಯನ್ನೂ ನೀಡಿ, ಅಗತ್ಯ ಔಷಧಗಳನ್ನು ಕೇಂದ್ರಗಳಲ್ಲೇ ಒದಗಿಸಿ, ನಡೆದ ಕೆಲಸವನ್ನು ನಿಯತವಾಗಿ ಪರಿಶೀಲಿಸುವ ಕ್ರಮವನ್ನು ಅಲ್ಲಿ ರೂಪಿಸಲಾಯಿತು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಈ ಕ್ರಮವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು.

ಇಂದು ಜನರ ಕಷ್ಟವನ್ನು ಮೊದಲು ಕೇಳಿಸಿಕೊಳ್ಳುವವರು ಆರೋಗ್ಯ ಇಲಾಖೆಯವರು ಮಾತ್ರವಲ್ಲ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಅಂಗವಿಕಲರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಮಾಜಿ ದೇವದಾಸಿಯರ ಪುನರ್ವಸತಿಯಲ್ಲಿ ತೊಡಗಿದವರು, ಸ್ವಯಂಸೇವಾ ಸಂಸ್ಥೆಗಳ ಸಿಬ್ಬಂದಿ, ಇವರೆಲ್ಲರ ಎದುರಿಗೂ ಪಿಂಚಣಿಯ ಅರ್ಜಿ ಅಥವಾ ಸಾಲದ ವಿಚಾರದ ಜೊತೆಗೆ ನಿದ್ದೆಗೆಟ್ಟ, ಆಸೆ ಬತ್ತಿದ ಮನಸ್ಸೂ ಬಂದು ಕೂರುತ್ತದೆ. ಮಳೆ ಕೈಕೊಟ್ಟ ವರ್ಷ ದುಡಿಯುವವರು ಗುಳೆ ಹೋದಾಗ ಊರಿನಲ್ಲಿ ಉಳಿಯುವ ವೃದ್ಧರ ಒಂಟಿತನವನ್ನೂ, ದೇವದಾಸಿ ಪದ್ಧತಿಯನ್ನು ನಿಷೇಧಿಸುವ 1982ರ ಕಾನೂನಿನ ನಂತರವೂ ಆ ಮಹಿಳೆಯರನ್ನು ಬಿಡದ ಅವಮಾನವನ್ನೂ ಹತ್ತಿರದಿಂದ ಕಾಣುವವರು ಇವರೇ ಆದ್ದರಿಂದ, ತರಬೇತಿಯೂ ಇವರಿಗೇ ಮೊದಲು ಸಲ್ಲಬೇಕು.

ಈ ತರಬೇತಿ ಯಾರನ್ನೂ ಚಿಕಿತ್ಸಕರನ್ನಾಗಿ ಮಾಡುವುದಿಲ್ಲ. ರೋಗದ ಹೆಸರು ಹೇಳುವುದಾಗಲಿ ಮಾತ್ರೆ ಸೂಚಿಸುವುದಾಗಲಿ ಪ್ರಥಮ ನೆರವು ನೀಡುವವರ ಕೆಲಸವಲ್ಲ. ಆತುರವಿಲ್ಲದೆ ಹತ್ತಿರ ಹೋಗುವುದು, ಪ್ರಾಣಾಪಾಯವಿದೆಯೇ ಎಂದು ಅಂದಾಜಿಸುವುದು, ತೀರ್ಪು ಕೊಡದೆ ಕೇಳಿಸಿಕೊಳ್ಳುವುದು, ಇದು ಗುಣವಾಗಬಲ್ಲ ಕಾಯಿಲೆ ಎಂಬ ಭರವಸೆ ನೀಡುವುದು, ವೈದ್ಯರ ಬಳಿಗೂ ಮನೆಯವರ ಆಸರೆಗೂ ದಾರಿ ಮಾಡಿಕೊಡುವುದು ಅದರ ಮುಖ್ಯ ಹಂತಗಳು. 'ಧೈರ್ಯ ತಗೋ', 'ಎಲ್ಲರಿಗೂ ಕಷ್ಟ ಇದ್ದದ್ದೇ' ಎಂಬ ಒಳ್ಳೆಯ ಉದ್ದೇಶದ ಮಾತುಗಳೂ ಎದುರಿನವರ ಬಾಯಿ ಕಟ್ಟಬಹುದು ಎಂಬುದನ್ನು ಸಿಬ್ಬಂದಿ ಇಲ್ಲಿ ಅರಿಯುತ್ತಾರೆ. ಗಾಳಿ ಸೋಕಿದೆ ಎಂದು ನಂಬಿ ಕೊಟ್ಟೂರಿನ ಗುರುಬಸವೇಶ್ವರನಿಗೋ ಮೈಲಾರಲಿಂಗೇಶ್ವರನಿಗೋ ಹರಕೆ ಹೊತ್ತ ಕುಟುಂಬಕ್ಕೆ ಹರಕೆ ಬಿಡಿ ಎನ್ನುವ ಅಗತ್ಯವಿಲ್ಲ. ಹರಕೆಯ ಜೊತೆಗೆ ಔಷಧವೂ ನಡೆಯಲಿ ಎಂದರೆ ಅವರ ನಂಬಿಕೆಗೆ ನೋವಾಗದೆ ರೋಗಿಗೆ ಚಿಕಿತ್ಸೆ ದೊರೆಯುತ್ತದೆ.

ಆತ್ಮಹತ್ಯೆಯ ವಿಷಯದಲ್ಲಿ ಈ ತಿಳಿವಳಿಕೆ ಜೀವವನ್ನೇ ಉಳಿಸಬಲ್ಲದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಾವೇ ಬಿತ್ತಿದಂತಾಗುತ್ತದೆ ಎಂಬ ಭಯ ವ್ಯಾಪಕವಾಗಿದ್ದರೂ ಅದು ನಿಜವಲ್ಲ. ಕೇಳುವುದರಿಂದ ಒಳಗಿನ ಭಾರ ಹೊರಬರಲು ಅವಕಾಶವಾಗುತ್ತದೆ. ಅಪಾಯ ಕಂಡಾಗ ವ್ಯಕ್ತಿಯನ್ನು ಒಂಟಿಯಾಗಿ ಬಿಡದಿರುವುದು, ಮನೆಯಲ್ಲಿರುವ ಕ್ರಿಮಿನಾಶಕವನ್ನು ಕೈಗೆಟುಕದಂತೆ ಮಾಡುವುದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯುವುದು ಕೃಷಿಕ ಕುಟುಂಬಗಳಲ್ಲಿ ಬಹಳ ಮುಖ್ಯ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆನ್ನುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ.

ಸಂಕಟದಲ್ಲಿರುವವರನ್ನು ಮುಂದೆ ಕಳುಹಿಸಲು ಸಿಬ್ಬಂದಿಗೆ ಸ್ಥಳ ಗೊತ್ತಿರಬೇಕು. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆ ರಾಜ್ಯದಲ್ಲಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416 ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲೇ ಉಚಿತವಾಗಿ ಲಭ್ಯವಿದೆ.

ಬಳ್ಳಾರಿ ಮಾದರಿಯಲ್ಲಿ ತರಬೇತಿಯ ಬೆನ್ನಿಗೆ ಔಷಧ, ದಾಖಲೆ ಮತ್ತು ನಿಯತ ಪರಿಶೀಲನೆ ಇದ್ದವು ಎಂಬುದನ್ನು ಮರೆತು, ಒಂದು ದಿನದ ಕಾರ್ಯಾಗಾರ ನಡೆಸಿ ಪ್ರಮಾಣಪತ್ರ ಹಂಚಿದರೆ ಹೊಣೆ ಮುಗಿಯುವುದಿಲ್ಲ. ದಿನವೂ ಇನ್ನೊಬ್ಬರ ನೋವು ಕೇಳುವ ಕಾರ್ಯಕರ್ತೆಯ ಮನಸ್ಸೂ ದಣಿಯುತ್ತದೆ. ಕಷ್ಟದ ಪ್ರಸಂಗಗಳನ್ನು ಹಿರಿಯರೊಡನೆ ಗುಟ್ಟು ಬಿಡದೆ ಚರ್ಚಿಸಲು ತಿಂಗಳಿಗೊಮ್ಮೆಯಾದರೂ ಸಭೆ, ಆಕೆಗೇ ಅಗತ್ಯವಾದಾಗ ಆಪ್ತಸಮಾಲೋಚನೆ ಮತ್ತು ಬಿಡುವು ದೊರೆಯಬೇಕು. ದೇಶಕ್ಕೆ ಮಾದರಿಯಾದ ನೆಲದಲ್ಲಿ ತರಬೇತಿ ಮತ್ತೆ ನಡೆಯುವುದಾದರೆ, ನೆರವು ನೀಡುವವರಿಗೂ ಆಸರೆ ಒದಗಿಸುವುದು ಅದರ ಮೊದಲ ನಿಯಮವಾಗಬೇಕು.