ಭೂತದ ಚಿತ್ರಪಟಕ್ಕೆ ವರ್ಗಣಿ

ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯಲ್ಲಿ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ರಾತ್ರಿಯ ಊಟ ಮುಗಿದಿದೆ. ಪಡಸಾಲೆಯಲ್ಲಿ ತಂದೆ ಎಲೆಅಡಿಕೆಯ ಚಂಚಿಯನ್ನು ಬಿಚ್ಚಿಕೊಂಡು ಕುಳಿತಿದ್ದಾನೆ. ತಾಯಿ ಒಳಗಿನ ಕೆಲಸ ತೀರಿಸಿ ಬಾಗಿಲಿಗೆ ಬಂದು ನಿಂತಿದ್ದಾಳೆ. ಹುಬ್ಬಳ್ಳಿಯಲ್ಲಿ ಕಲಿತು ಬಂದ ಮಗನು, ಬಹುದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡ ಮಾತನ್ನು ಅಂದು ಹೊರಗೆಡಹುತ್ತಾನೆ: ತಾನೊಂದು ಚಲನಚಿತ್ರ ಮಾಡಬೇಕು; ಅದೂ ದೆವ್ವದ ಚಿತ್ರ! ತಂದೆಯ ಕೈಯೊಳಗಿನ ಅಡಕೊತ್ತು ನಿಲ್ಲುತ್ತದೆ. ತಾಯಿಯೇ ಮೊದಲು ಬಾಯಿ ತೆರೆಯುತ್ತಾಳೆ: “ಹೊಲದ ಮಾತು ಮಾತ್ರ ಎತ್ತಬ್ಯಾಡಪಾ ತಮ್ಮಾ.”

ಮನೆ ಕಲ್ಪನೆಯದಾದರೂ ಆ ತಾಯಿಯ ಅಂಜಿಕೆ ನಿಜವಾದದ್ದು. ಮೊಬೈಲಿನಲ್ಲಿಯೇ ಚಿತ್ರ ಹಿಡಿದು, ಮನೆಯ ಗಣಕಯಂತ್ರದ ಮೇಲೆಯೇ ಜೋಡಿಸಬಹುದಾದ ಈ ಕಾಲದಲ್ಲಿ ಇಂಥ ಹಂಬಲವು ಹಳ್ಳಿಹಳ್ಳಿಗಳಲ್ಲಿ ಹುಟ್ಟಿದರೆ ಆಶ್ಚರ್ಯವೇನು? ಯಂತ್ರ ಸುಲಭವಾಯಿತು, ಹಣ ಸುಲಭವಾಗಲಿಲ್ಲ. ಆದುದರಿಂದ, ಹೊಲವನ್ನು ಒತ್ತಿ ಹಾಕದೆ, ಬಡ್ಡಿ ಸಾಲಕ್ಕೆ ಕೈಯೊಡ್ಡದೆ, ಸಣ್ಣದೊಂದು ಭಯಾನಕ ಚಿತ್ರಕ್ಕೆ ಹಣ ಕೂಡಿಸಬಹುದೇ ಎಂಬುದನ್ನು ಗೃಹಸ್ಥರ ದೃಷ್ಟಿಯಿಂದ ಇಲ್ಲಿ ಸ್ವಲ್ಪ ವಿಚಾರಿಸೋಣ.

ಹತ್ತು ಜನರಿಂದ ಹಣ ಕೂಡಿಸುವ ವಿದ್ಯೆಯು ನಮ್ಮ ಸೀಮೆಗೆ ಹೊಸತಲ್ಲ. ಜಾತ್ರೆಯ ನಾಟಕ ನೋಡಿದವರಿಗೆಲ್ಲ ಇದು ತಿಳಿದ ಮಾತು. ಊರ ತರುಣರು ತಾಲೀಮಿಗೆ ಕೂಡುತ್ತಾರೆ. ಪಾತ್ರ ಬೇಕಾದವನು ಪಾತ್ರದ ತೂಕಕ್ಕೆ ತಕ್ಕಂತೆ ಹಣ ಹಾಕುತ್ತಾನೆ. ಸಾಲದುದಕ್ಕೆ ಪಟ್ಟಿ ಹಿಡಿದು ಮನೆಮನೆಗೆ ವರ್ಗಣಿ ಕೇಳುತ್ತಾರೆ. ಸ್ತ್ರೀಪಾತ್ರಗಳಿಗೆ ಹೊರಗಿನಿಂದ ನಟಿಯರನ್ನು ಕರೆಸುತ್ತಾರೆ. ಪರದೆಗಳು ಬಾಡಿಗೆಗೆ ಬರುತ್ತವೆ. ನಡುರಾತ್ರಿ ರಂಗದ ಮೇಲೆ ಆಹೇರಿಯ ನೋಟುಗಳು ಬೀಳುವಾಗ ಖರ್ಚಿನ ಒಂದು ಪಾಲು ಅಲ್ಲಿಯೂ ಕೂಡುತ್ತದೆ. ಗದುಗಿನಲ್ಲಿ ಶಾಂತಕವಿ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಕನ್ನಡ ನಾಟಕಕ್ಕೆ ಮಂಡಳಿ ಕಟ್ಟಿದರು; ಮುಂದೆ ಗರುಡ ಸದಾಶಿವರಾಯರ ಕಂಪನಿಯೂ ಶಿರಹಟ್ಟಿ ವೆಂಕೋಬರಾಯರ ಕಂಪನಿಯೂ ಇದೇ ನಾಡಿನಿಂದ ಹೆಸರಾದವು. ಗದಗ ತಾಲೂಕಿನ ಕಣಗಿನಹಾಳದಲ್ಲಂತೂ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಸಹಕಾರಿ ಸಂಘವನ್ನು ಸ್ಥಾಪಿಸಿ, ಚಿಕ್ಕ ಚಿಕ್ಕ ಹಣವು ಒಟ್ಟುಗೂಡಿದರೆ ಸಾವುಕಾರನ ಬಾಗಿಲಿಗೆ ಹೋಗಬೇಕಾದುದಿಲ್ಲವೆಂಬುದನ್ನು ಒಕ್ಕಲಿಗರಿಗೆ ತೋರಿಸಿಕೊಟ್ಟರು.

ಇನ್ನು ಭೂತದ ಮಾತಿಗೆ ಬರೋಣ. ಭಯಾನಕವು ನವರಸಗಳಲ್ಲೊಂದು. ಶೃಂಗಾರಕ್ಕೆ ಉದ್ಯಾನ ಬೇಕು, ವೀರಕ್ಕೆ ಸೈನ್ಯ ಬೇಕು. ಭಯಕ್ಕೆ ಬೇಕಾದುದು ಮುಚ್ಚಿದ ಬಾಗಿಲು, ಅದರಾಚೆ ಒಂದು ಸಪ್ಪಳ. ಬಡವನ ಕೈಗೆಟಕುವ ರಸ ಯಾವದಾದರೂ ಇದ್ದರೆ ಅದು ಇದೇ ಎಂದು ನನ್ನ ಮತ. ಅಮಾವಾಸ್ಯೆಯ ರಾತ್ರಿ ಹುಣಸೆಯ ಮರದ ಕೆಳಗಿನ ದಾರಿ, ಹಾಳುಬಿದ್ದ ವಾಡೆ, ಕಪ್ಪತಗುಡ್ಡದ ಸೀಮೆಯಲ್ಲಿ ಕತ್ತಲೆಯೊಳಗೆ ತಿರುಗುವ ಗಾಳಿಯಂತ್ರಗಳ ಕೆಂಪು ದೀಪಗಳು, ಇವುಗಳಿಗೆ ಯಾರೂ ಬಾಡಿಗೆ ಕೇಳಲಾರರು. (ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಯಿತು, ಅದರ ಸೀಮೆಯೊಳಗೆ ಚಿತ್ರ ತೆಗೆಯುವದಕ್ಕೆ ಅರಣ್ಯ ಇಲಾಖೆಯ ಅಪ್ಪಣೆ ಬೇಕೆಂಬುದನ್ನು ನಮ್ಮ ತರುಣನು ಮರೆಯಬಾರದು.) ಕನ್ನಡದಲ್ಲಿಯೇ 2013ರಲ್ಲಿ ‘6-5=2’ ಎಂಬ ಚಿತ್ರವು, ಚಾರಣಕ್ಕೆ ಹೋದವರು ತಾವೇ ಹಿಡಿದ ಚಿತ್ರಗಳು ದೊರೆತಂತೆ ಕಥೆ ಹೂಡಿ, ಪ್ರಖ್ಯಾತ ನಟರಿಲ್ಲದೆ ಅಡವಿಯಲ್ಲಿಯೇ ಜನರನ್ನು ಅಂಜಿಸಿತು.

ಹೊರದೇಶದ ಎರಡು ಉದಾಹರಣೆಗಳು ಈ ವಿಷಯದಲ್ಲಿ ಲಕ್ಷ್ಯಕ್ಕೆ ತಕ್ಕವು. ಅಮೇರಿಕೆಯ ಪಿಟ್ಸ್‌ಬರ್ಗ್ ಪಟ್ಟಣದಲ್ಲಿ ಜಾರ್ಜ್ ರೊಮೆರೊ ಎಂಬಾತನೂ ಅವನ ಗೆಳೆಯರೂ ಕೂಡಿ, ಮೊದಲು ಹತ್ತು ಜನರು ತಲೆಗೆ 600 ಡಾಲರಿನಂತೆ ಹಾಕಿ ಒಂದು ಮಂಡಳಿ ಕಟ್ಟಿದರು. ಮುಂದೆ ಇನ್ನಷ್ಟು ಕೂಡಿಸಿ, ಸುಮಾರು 1,14,000 ಡಾಲರುಗಳಲ್ಲಿ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಚಿತ್ರವನ್ನು ಮುಗಿಸಿ 1968ರಲ್ಲಿ ಹೊರತಂದರು. ಕಪ್ಪುಬಿಳುಪಿನ ಚಿತ್ರವಾದ್ದರಿಂದ ರಕ್ತದ ಬದಲು ಚಾಕೊಲೇಟಿನ ಪಾಕವೇ ಸಾಕಾಯಿತು! ಚಿತ್ರವು ಲೋಕವನ್ನೆಲ್ಲ ಸುತ್ತಿತು. ಆದರೆ ಹಂಚಿಕೆದಾರರು ಹೆಸರನ್ನು ಬದಲಿಸುವಾಗ ಹಕ್ಕುಸ್ವಾಮ್ಯದ ಒಂದು ಸಾಲು ಬಿಟ್ಟುಹೋದುದರಿಂದ, ಅಂದಿನ ಅಲ್ಲಿಯ ಕಾಯದೆಯಂತೆ ಅದು ಯಾರು ಬೇಕಾದರೂ ಪ್ರತಿ ತೆಗೆಯಬಹುದಾದ ವಸ್ತುವಾಯಿತು. ಲಾಭದ ಬಹುಭಾಗವನ್ನು ಬೇರೆಯವರು ಉಂಡರು. ಹಾಳೆಯ ಮೇಲಿನ ಒಂದು ಸಾಲಿನ ಬೆಲೆ ಇಷ್ಟು!

ಎರಡನೆಯದು ಸ್ಯಾಮ್ ರೇಮಿಯ ಕಥೆ. ಮಿಶಿಗನ್ ಪ್ರಾಂತದ ಈ ತರುಣನಿಗೆ ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ದೊಡ್ಡ ಚಿತ್ರಕ್ಕೆ ಹಣ ಕೇಳುವ ಮೊದಲು ಅವನೂ ಅವನ ಗೆಳೆಯರೂ 1978ರಲ್ಲಿ ಸುಮಾರು 1,600 ಡಾಲರು ವೆಚ್ಚ ಮಾಡಿ, ಅರ್ಧತಾಸಿನ ಒಂದು ಮಾದರಿ ಚಿತ್ರವನ್ನು ತಯಾರಿಸಿದರು. ಅದನ್ನು ಹೊತ್ತುಕೊಂಡು ಹಲ್ಲಿನ ವೈದ್ಯರು, ವಕೀಲರು, ಬಂಧುಗಳು ಎನ್ನದೆ ಕಂಡವರಿಗೆಲ್ಲ ತೋರಿಸಿ, ‘ಇಂಥದನ್ನೇ ದೊಡ್ಡದಾಗಿ ಮಾಡುತ್ತೇವೆ, ಪಾಲು ಹಾಕಿರಿ’ ಎಂದು ಕೇಳಿದರು. ನೆನೆಸಿದಷ್ಟು ಹಣ ಕೂಡಲಿಲ್ಲ. ಆದರೂ ಟೆನೆಸೀ ಪ್ರಾಂತದ ಅಡವಿಯ ಹಳೆಯ ಗುಡಿಸಲೊಂದರಲ್ಲಿ ಚಳಿಗೆ ನಡುಗುತ್ತ ಚಿತ್ರ ತೆಗೆದರು. ‘ಈವಿಲ್ ಡೆಡ್’ ಎಂದು ಲೋಕಪ್ರಸಿದ್ಧವಾದುದು ಇದೇ. ಡೆಟ್ರಾಯಿಟಿನಲ್ಲಿ ಅದರ ಮೊದಲ ಪ್ರದರ್ಶನವಾದುದು 1981ರಲ್ಲಿ. ಇಲ್ಲಿ ನಮ್ಮ ಬೆಳ್ಳಟ್ಟಿಯ ತಾಯಿ ಕಿವಿಗೊಟ್ಟು ಕೇಳತಕ್ಕ ಸಂಗತಿಯೊಂದುಂಟು: ಚಿತ್ರವು ಮುಗಿಯದೆ ನಿಂತಾಗ ನಟನಾದ ಬ್ರೂಸ್ ಕ್ಯಾಂಬೆಲ್‌ನ ಮನೆತನದ ಭೂಮಿಯನ್ನು ಒತ್ತೆ ಇಟ್ಟೇ ಹಣ ತರಬೇಕಾಯಿತು. ಆ ಭೂಮಿ ಉಳಿಯಿತು, ಚಿತ್ರ ಗೆದ್ದಿತು. ಆದರೆ ಗೆದ್ದವರ ಕಥೆ ಮಾತ್ರ ನಮ್ಮವರೆಗೆ ಬರುತ್ತದೆ. ಸೋತು ಹೊಲ ಕಳೆದುಕೊಂಡವರ ಕಥೆಯನ್ನು ಯಾರು ಬರೆಯುತ್ತಾರೆ? ಮಾದರಿ ಚಿತ್ರವನ್ನು ಮೊದಲು ಮಾಡಿದ ಅವರ ಜಾಣತನವನ್ನು ಸ್ವೀಕರಿಸೋಣ, ಒತ್ತೆಯನ್ನು ಅವರಿಗೇ ಬಿಡೋಣ.

ಹಿಂದುಸ್ಥಾನದಲ್ಲಿ ವರ್ಗಣಿಯ ಚಿತ್ರವೆಂದರೆ ಮೊದಲು ನೆನಪಾಗುವದು ಶ್ಯಾಮ ಬೆನೆಗಲ್ಲರ ‘ಮಂಥನ’ (1976). ಗುಜರಾತದ ಐದು ಲಕ್ಷ ಹಾಲುಗಾರ ರೈತರು ತಲೆಗೆ ಎರಡು ರೂಪಾಯಿಯಂತೆ ಕೊಟ್ಟ ಹಣ ಅದರ ಬಂಡವಲು. ನಮ್ಮ ಗಿರೀಶ ಕಾರ್ನಾಡರು ಅದರಲ್ಲಿ ಪಾತ್ರ ವಹಿಸಿದ್ದರು. ಚಿತ್ರ ಬಿಡುಗಡೆಯಾದಾಗ ರೈತರು ಗಾಡಿಗಳನ್ನು ಮಾಡಿಕೊಂಡು, ತಮ್ಮದೇ ಚಿತ್ರವೆಂದು ನೋಡಲು ಬಂದರಂತೆ! ಕೇರಳದಲ್ಲಿ ಜಾನ್ ಅಬ್ರಹಾಮರ ಬಳಗವು ಊರೂರಿಗೆ ಹೋಗಿ ಚಾಪ್ಲಿನ್ನನ ಚಿತ್ರ ತೋರಿಸಿ, ನೋಡಿದವರು ಕೊಟ್ಟ ಹಣದಿಂದ 1986ರಲ್ಲಿ ‘ಅಮ್ಮ ಅರಿಯಾನ್’ ಚಿತ್ರವನ್ನು ಪೂರ್ಣಗೊಳಿಸಿತು.

ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತವೆಂದರೆ ‘ಲೂಸಿಯಾ’. ಪವನ್ ಕುಮಾರರು 2011ರಲ್ಲಿ ‘ಲೈಫು ಇಷ್ಟೇನೆ’ ಚಿತ್ರದಿಂದ ನಿರ್ದೇಶಕರೆಂದು ಪರಿಚಿತರಾಗಿದ್ದರು. ಆದರೂ ನಿದ್ದೆ ಬಾರದ ಒಬ್ಬ ಬಡ ಹುಡುಗನ ಕನಸಿನ ಈ ವಿಚಿತ್ರ ಕಥೆಗೆ ನಿರ್ಮಾಪಕರು ದೊರೆಯಲಿಲ್ಲ. ಆಗ ಅವರು ತಮ್ಮ ಅಸಮಾಧಾನವನ್ನೂ ತಮ್ಮ ಯೋಜನೆಯನ್ನೂ ಅಂತರಜಾಲದಲ್ಲಿ ಬಿಚ್ಚುಮನಸ್ಸಿನಿಂದ ಬರೆದು, ನೋಡುಗರೇ ಹಣ ಹಾಕಿರೆಂದು ಕೇಳಿಕೊಂಡರು. ಒಂದು ತಿಂಗಳೊಳಗಾಗಿಯೇ 110 ಮಂದಿ ಕೂಡಿ ಸುಮಾರು ಅರ್ಧ ಕೋಟಿ ರೂಪಾಯಿಗಳನ್ನು ಒಟ್ಟುಗೂಡಿಸಿದರು. ಹೆಗ್ಗೋಡಿನ ನೀನಾಸಂನಲ್ಲಿ ಕಲಿತ ಸತೀಶರು ನಾಯಕರು. ಶ್ರುತಿ ಹರಿಹರನ್ ನಾಯಕಿ. 2013ರಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಪಡೆದು, ಅದೇ ವರ್ಷ ಸೆಪ್ಟೆಂಬರ 6ರಂದು ಇಲ್ಲಿ ಬಿಡುಗಡೆಯಾಯಿತು. ತಮಿಳಿನಲ್ಲಿಯೂ 2015ರಲ್ಲಿ ಮತ್ತೆ ತೆಗೆಯಲ್ಪಟ್ಟಿತು. ಹಣ ಬಂದುದು ಕೇವಲ ಕಥೆಗಲ್ಲ. ಆತನ ಕೆಲಸವನ್ನು ಜನರು ಮೊದಲೇ ನೋಡಿದ್ದರು. ಬೆಳ್ಳಟ್ಟಿಯ ತರುಣನ ಕೆಲಸವನ್ನು ಯಾರು ನೋಡಿದ್ದಾರೆ? ಆದ್ದರಿಂದ ಹತ್ತು ನಿಮಿಷದ ಮಾದರಿಯಾದರೂ ಕೈಯಲ್ಲಿರದೆ ಅವನು ಪಟ್ಟಿ ಹಿಡಿಯಬಾರದು.

ಪಟ್ಟಿ ಹಿಡಿದಾಗ ಕೇಳುವ ಹಣ ಯಾವ ಜಾತಿಯದೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಜಗಳಗಳೆಲ್ಲ ಹುಟ್ಟುವದು ಇಲ್ಲಿಯೇ. ಜಾತ್ರೆಯ ನಾಟಕಕ್ಕೆ ಕೊಟ್ಟಂತೆ ಮರಳಿ ಕೇಳದ ವರ್ಗಣಿ ಒಂದು ಬಗೆ. ಚಿತ್ರ ನೋಡುವ ಟಿಕೀಟಿನ ಬೆಲೆಯನ್ನು ಮುಂಗಡವಾಗಿ ಪಡೆಯುವದು ಇನ್ನೊಂದು ಬಗೆ. ಲಾಭದಲ್ಲಿ ಪಾಲು ಕೊಡುವೆನೆಂದು ಪಡೆಯುವದು ಮೂರನೆಯದು; ಇಲ್ಲಿ ಕಾಯದೆಯ ಬೇಲಿ ಇದೆ. 2013ರ ಕಂಪನಿ ಕಾಯದೆಯಂತೆ ಖಾಸಗಿ ಕಂಪನಿಯು ಜಾಹೀರಾತು ಮಾಡಿ ಸಾರ್ವಜನಿಕರಿಂದ ಪಾಲಿನ ಹಣ ಕೇಳುವಂತಿಲ್ಲ. ಆಯ್ದ ಜನರಿಗೆ ಪಾಲು ಕೊಡುವಾಗಲೂ ಆರ್ಥಿಕ ವರ್ಷವೊಂದರಲ್ಲಿ ಸಾಮಾನ್ಯವಾಗಿ 200 ಮಂದಿಯ ಮಿತಿಯುಂಟು. ಇಷ್ಟು ಬಡ್ಡಿಯೊಡನೆ ಮರಳಿಸುವೆನೆಂದು ಊರವರಿಂದ ಠೇವಣಿ ಎತ್ತಹೋದರೆ 2019ರ ಠೇವಣಿ ನಿಷೇಧದ ಕಾಯದೆಗೆ ಸಿಕ್ಕಿಕೊಳ್ಳುವ ಭಯವಿದೆ. ಆ ಭೂತ ಚಿತ್ರದ ಭೂತಕ್ಕಿಂತ ಘೋರವಾದುದು! ಲೆಕ್ಕಿಗರೊಬ್ಬರನ್ನು ಕೇಳದೆ ಮೂರನೆಯ ದಾರಿಗೆ ಕಾಲಿಡಬಾರದು.

2009ರಲ್ಲಿ ಅಮೇರಿಕೆಯಲ್ಲಿ ಆರಂಭವಾದ ‘ಕಿಕ್‌ಸ್ಟಾರ್ಟರ್’ ಎಂಬ ಅಂತರಜಾಲದ ಸಂಸ್ಥೆಯ ನಿಯಮವೊಂದು ನನಗೆ ಬಹಳ ಹಿಡಿಸಿದೆ. ಮೊದಲು ಸಾರಿದ ಮೊತ್ತವು ಗೊತ್ತುಪಡಿಸಿದ ದಿನದೊಳಗೆ ತುಂಬದಿದ್ದರೆ ಯಾರ ಹಣವನ್ನೂ ತೆಗೆದುಕೊಳ್ಳುವದಿಲ್ಲ. ಅರ್ಧ ಹಣದಲ್ಲಿ ಅರ್ಧ ಚಿತ್ರವಾಗಿ, ಕೊಟ್ಟವರ ಮುಂದೆ ತಲೆತಪ್ಪಿಸಿಕೊಂಡು ತಿರುಗುವ ಪ್ರಸಂಗವೇ ಇದರಿಂದ ಬಾರದು. ನಮ್ಮೂರ ಪಟ್ಟಿಗೂ ಈ ಕಟ್ಟು ಹಾಕಬಹುದಲ್ಲ?

ಖರ್ಚಿನ ಬಗೆಗೆ ಎರಡು ಮಾತು. ಹೊಸಬರು ಹಣವನ್ನೆಲ್ಲ ಕ್ಯಾಮರಾದ ಮೇಲೆ ಸುರಿಯುತ್ತಾರೆ. ದೆವ್ವದ ಚಿತ್ರದಲ್ಲಿ ನಿಜವಾದ ದುಡಿಮೆ ಧ್ವನಿಯದು. ಚಿತ್ರ ಮಸಕಾದರೆ ನೋಡುಗರು ಕ್ಷಮಿಸಿಯಾರು, ಸಪ್ಪಳ ಕೆಟ್ಟರೆ ನಗುತ್ತಾರೆ. ನಕ್ಕ ಮೇಲೆ ಭಯವೆಲ್ಲಿಯದು? ಚಿತ್ರೀಕರಣ ಮುಗಿದ ಮೇಲಿನ ಕೆಲಸಕ್ಕೆ ಕೂಡಿದ ಹಣದ ಮೂರನೆಯ ಒಂದು ಪಾಲನ್ನಾದರೂ ಮುಟ್ಟದೆ ಇಡಬೇಕು. ಚಿತ್ರಮಂದಿರದಲ್ಲಿ ತೋರಿಸುವದಕ್ಕೆ 1952ರ ಕಾಯದೆಯಂತೆ ಪ್ರಮಾಣಪತ್ರ ಬೇಕು. 2023ರ ತಿದ್ದುಪಡಿಯಿಂದ ‘ಯುಎ’ ಎಂಬ ವರ್ಗದಲ್ಲಿ 7, 13, 16 ವರ್ಷಗಳ ಮೆಟ್ಟಿಲುಗಳಾಗಿವೆ. ರಕ್ತಪಾತ ಅತಿಯಾಗಿ ‘ಎ’ ಪತ್ರ ದೊರೆತರೆ 18 ತುಂಬದವರು ಒಳಗೆ ಬರುವಂತಿಲ್ಲ; ಅಂದರೆ ಮನೆಮಂದಿ ಕೂಡಿ ಬರುವ ಹುಟ್ಟುವಳಿ ಹೋಯಿತು. ಕಾಣದ ದೆವ್ವವು ಈ ದೃಷ್ಟಿಯಿಂದಲೂ ಲಾಭದಾಯಕ.

ಇಷ್ಟೆಲ್ಲವನ್ನೂ ಮಗನು ಒಂದು ವಹಿಯಲ್ಲಿ ಬರೆದುಕೊಂಡು ಮತ್ತೆ ಪಡಸಾಲೆಗೆ ಬಂದನೆಂದು ತಿಳಿಯೋಣ. ಒಂದು ಪುಟದಲ್ಲಿ ಕೊಟ್ಟವರ ಹೆಸರಿಗೆ ಜಾಗ, ಎದುರಿನ ಪುಟದಲ್ಲಿ ಖರ್ಚು. ಪ್ರತಿ ಅಮಾವಾಸ್ಯೆಗೆ ಲೆಕ್ಕವನ್ನು ಪಂಚಾಯತಿಯ ಕಟ್ಟೆಯ ಮೇಲೆ ಓದಿ ಹೇಳುವದಾಗಿ ಮೇಲೆಯೇ ಬರೆದಿದ್ದಾನೆ. ತಂದೆ ಚಾಳೀಸು ಏರಿಸಿ ಎರಡು ಸಲ ಓದುತ್ತಾನೆ. ಹೊಲದ ಹೆಸರಿಲ್ಲ, ತಾಯಿಯ ಬಂಗಾರದ ಹೆಸರೂ ಇಲ್ಲ.

“ಮಂದಿಗೆ ಊಟ ಎಲ್ಲಿಂದ ಬರೀಲಿಲ್ಲಲ್ಲೋ?” ಎನ್ನುತ್ತಾಳೆ ತಾಯಿ.

“ಅದನ್ನ ನಿನ್ನ ಕೇಳಬೇಕಂತನ ಬಿಟ್ಟೀನವ್ವಾ.”

“ಹತ್ತು ದಿನದ್ದು ಜ್ವಾಳದ ರೊಟ್ಟಿ ನಾ ಬಡೀತೀನಿ. ಆ ದೆವ್ವಕ್ಕ ಉಡಸಾಕ ಟ್ರಂಕಿನ್ಯಾಗ ನಿಮ್ಮಜ್ಜೀದೊಂದು ಬಿಳಿ ಸೀರಿ ಐತಿ. ನನ್ನ ಹೆಸರಿನ ಮುಂದ ಅಷ್ಟ ಬರಕೋ.”